ಕೇಳುವ ಹೃದಯ: ಸೊಲೊಮೋನನ ಅಧಿಕಾರ, ಸೊಲೊಮೋನನ ಜ್ಞಾನ

(ಭಾನುವಾರದ ಸಂದೇಶದ ಬರಹ ರೂಪ. ಓದಬೇಕಾದ ಭಾಗ: 1 ಅರಸುಗಳು 1ರಿಂದ 12ನೇ ಅಧ್ಯಾಯ)

ಎಲ್ಲರೂ ಬೈಬಲ್ ತೆಗೀರಿ. ಮೊಬೈಲ್‌ನಲ್ಲಿ ಓದೋರು ದಯವಿಟ್ಟು ಉಳಿದ ನೋಟಿಫಿಕೇಶನ್ ಎಲ್ಲ ಆಫ್ ಮಾಡ್ಕೊಳ್ಳಿ.

ಇವತ್ತು ಒಬ್ಬ ಮನುಷ್ಯನ ಇಡೀ ಜೀವನವನ್ನ ನೋಡೋಣ. ಸಂಡೇ ಸ್ಕೂಲ್‌ನಲ್ಲಿ ನಾವು ಇವನ ಅರ್ಧ ಕಥೆ ಮಾತ್ರ ಕಲಿತಿದ್ದೀವಿ. ಎರಡು ತಾಯಂದಿರು, ಒಂದು ಮಗು, ಒಂದು ಕತ್ತಿ. ಅಲ್ಲಿಗೆ ಮುಗೀತು, ಸೊಲೊಮೋನ ಜ್ಞಾನಿ, ಬಣ್ಣ ಹಚ್ಚಿ, ಮನೆಗೆ ಹೋಗಿ. ಆದ್ರೆ ಬೈಬಲ್ ಅಲ್ಲಿಗೆ ನಿಲ್ಲಿಸಲ್ಲ. 1 ಅರಸುಗಳು ಪುಸ್ತಕ ಇವನ ಹುಟ್ಟಿನ ಮನೆಯ ಜಗಳದಿಂದ ಹಿಡಿದು ಇವನ ಮಗನ ಕಾಲದಲ್ಲಿ ರಾಜ್ಯ ಎರಡು ತುಂಡಾಗೋ ತನಕ ಎಲ್ಲಾನೂ ಬರೆದಿಟ್ಟಿದೆ. ದೇವರ ವಾಕ್ಯ ಯಾರನ್ನೂ ಪಾಲಿಶ್ ಮಾಡಿ ತೋರಿಸೋದಿಲ್ಲ. ಅದಕ್ಕೇ ನಾವು ಅದನ್ನ ನಂಬಬಹುದು.

ನಿಮ್ಮಲ್ಲಿ ಕೆಲವರು ಆಫೀಸ್‌ನಲ್ಲಿ ಟೀಮ್ ಲೀಡ್ ಆಗಿದ್ದೀರ. ಕೆಲವರು ಸೆಲ್ ಗ್ರೂಪ್ ನಡೆಸ್ತೀರ, ವರ್ಶಿಪ್ ಟೀಮ್‌ನಲ್ಲಿದ್ದೀರ. ಕೆಲವರು ಯಾರದ್ದೋ ಅಧಿಕಾರದ ಕೆಳಗೆ ಕೆಲಸ ಮಾಡಿ ಮಾಡಿ ಸುಸ್ತಾಗಿ ಇಲ್ಲಿ ಬಂದು ಕೂತಿದ್ದೀರ. ಈ ಸಂದೇಶ ಎರಡೂ ಕಡೆಯವರಿಗೆ.

1. ಅಧಿಕಾರ ಮೊದಲು ಬಂತು

ಸೊಲೊಮೋನ ದಾವೀದನಿಗೂ ಬತ್ಷೆಬೆಗೂ ಹುಟ್ಟಿದ ಮಗ. ಬತ್ಷೆಬೆ ಯಾರು ಅಂತ ನಿಮಗೆ ಗೊತ್ತು. ಊರೀಯನ ಹೆಂಡತಿ. ದಾವೀದ ಆ ಪಾಪ ಮಾಡಿದಾಗ ನಾತಾನ ಅನ್ನೋ ಪ್ರವಾದಿ ನೇರವಾಗಿ ಅರಮನೆಗೆ ಬಂದು, ಒಂದು ಕುರಿಮರಿಯ ಕಥೆ ಹೇಳಿ, ತಪ್ಪು ಮಾಡಿದವನು ನೀನೇ ಅಂತ ಅರಸನ ಮುಖಕ್ಕೆ ಹೇಳಿದ. ದಾವೀದ ಅವನ ತಲೆ ತೆಗೀಲಿಲ್ಲ. ಮೊಣಕಾಲೂರಿದ. ಈ ನಾತಾನನನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಸೊಲೊಮೋನ ಹುಟ್ಟಿದಾಗ ಕರ್ತನು ಇದೇ ನಾತಾನನ ಮೂಲಕ ಮಗುವಿಗೆ ಯೆದೀದ್ಯ ಅನ್ನೋ ಹೆಸರು ಕೊಡಿಸಿದರು. ಯೆಹೋವನಿಗೆ ಪ್ರಿಯನಾದವನು ಅಂತ ಅದರ ಅರ್ಥ. ಎಂಥ ಕೃಪೆ ನೋಡಿ! ಪಾಪದಿಂದ ಮುರಿದುಹೋದ ಮನೆಯಲ್ಲಿ ಹುಟ್ಟಿದ ಮಗುವಿಗೆ ದೇವರು ಕೊಟ್ಟ ಹೆಸರು ಪ್ರಿಯ.

ದಾವೀದ ಮುದುಕನಾಗಿ ಹಾಸಿಗೆ ಹಿಡಿದಾಗ ಅವನ ಇನ್ನೊಬ್ಬ ಮಗ ಅದೋನೀಯ ತಾನೇ ಅರಸ ಅಂತ ಘೋಷಿಸಿಕೊಂಡ. ರಥ ಮಾಡಿಸ್ಕೊಂಡ, ಮುಂದೆ ಓಡೋದಕ್ಕೆ 50 ಜನರನ್ನ ಇಟ್ಕೊಂಡ, ಎನ್‌ರೋಗೆಲ್ ಬುಗ್ಗೆಯ ಹತ್ತಿರ ದೊಡ್ಡ ಔತಣ ಮಾಡಿದ. ಸೇನಾಪತಿ ಯೋವಾಬ ಬಂದ, ಯಾಜಕ ಎಬ್ಯಾತಾರ ಬಂದ. ನಾತಾನನನ್ನ ಕರೀಲಿಲ್ಲ, ಸೊಲೊಮೋನನನ್ನ ಕರೀಲಿಲ್ಲ. ವಿಷಯ ತಿಳಿದ ನಾತಾನ ಬತ್ಷೆಬೆಯನ್ನ ದಾವೀದನ ಹತ್ತಿರ ಕಳಿಸಿದ. ಅದೇ ದಿನ ಸೊಲೊಮೋನನನ್ನ ಅರಸನ ಹೇಸರಗತ್ತೆಯ ಮೇಲೆ ಕೂರಿಸಿ ಗೀಹೋನ್ ಬುಗ್ಗೆಗೆ ಕರ್ಕೊಂಡು ಹೋದ್ರು. ಯಾಜಕ ಚಾದೋಕ ಗುಡಾರದಿಂದ ತಂದ ಎಣ್ಣೆಯಿಂದ ಅವನನ್ನ ಅಭಿಷೇಕಿಸಿದ. ಕೊಂಬು ಊದಿದ್ರು. ಭೂಮಿ ನಡುಗೋ ಹಾಗೆ ಜನ ಕೂಗಿದ್ರು. ಇದು ಸುಮಾರು ಕ್ರಿ.ಪೂ. 970ರ ಹೊತ್ತಿಗೆ ನಡೆದದ್ದು.

ಆಮೇಲೆ 2ನೇ ಅಧ್ಯಾಯ. ಅದು ಓದೋದಕ್ಕೆ ಸುಲಭವಾದ ಅಧ್ಯಾಯ ಅಲ್ಲ. ಅದೋನೀಯ ಸತ್ತ. ಯೋವಾಬ ಯಜ್ಞವೇದಿಯ ಕೊಂಬುಗಳನ್ನ ಹಿಡ್ಕೊಂಡಿದ್ರೂ ಸತ್ತ. ಎಬ್ಯಾತಾರ ಅನಾತೋತಿಗೆ ಗಡೀಪಾರಾದ. ದಾವೀದನನ್ನ ಶಪಿಸಿದ್ದ ಶಿಮ್ಮಿ 3 ವರ್ಷ ಆದ ಮೇಲೆ ಷರತ್ತು ಮುರಿದು ಸತ್ತ. ಆ ಅಧ್ಯಾಯದ ಕೊನೆಗೆ ಬರೋ ಹೊತ್ತಿಗೆ ರಾಜ್ಯ ಸೊಲೊಮೋನನ ಕೈಯಲ್ಲಿ ಭದ್ರವಾಗಿದೆ. ಎದುರಾಳಿ ಯಾರೂ ಇಲ್ಲ.

ಈಗ ಒಂದು ವಿಷಯ ಗಮನಿಸಿ. ಅಭಿಷೇಕ 1ನೇ ಅಧ್ಯಾಯದಲ್ಲಿ ಆಯ್ತು. ಸಿಂಹಾಸನ 2ನೇ ಅಧ್ಯಾಯದಲ್ಲಿ ಗಟ್ಟಿಯಾಯ್ತು. ಜ್ಞಾನ ಬಂದದ್ದು 3ನೇ ಅಧ್ಯಾಯದಲ್ಲಿ. ಅಂದ್ರೆ ಅಧಿಕಾರ ಬೇರೆ, ಜ್ಞಾನ ಬೇರೆ. ಪ್ರಮೋಷನ್ ಲೆಟರ್ ಬಂದ ದಿನ ಜ್ಞಾನ ಬರೋದಿಲ್ಲ. ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ನಿಮ್ಮನ್ನ ಲೀಡರ್ ಅಂತ ನೇಮಿಸಿದ ದಿನವೂ ತನ್ನಷ್ಟಕ್ಕೆ ತಾನೇ ಬರೋದಿಲ್ಲ. ಅದನ್ನ ಬೇರೆಯಾಗಿ ಕೇಳಬೇಕು.

2. ಅವನು ಕೇಳಿದ್ದು ಏನು?

ಸೊಲೊಮೋನ ಯೆರೂಸಲೇಮಿನ ವಾಯವ್ಯಕ್ಕಿರೋ ಗಿಬ್ಯೋನಿಗೆ ಹೋಗಿ ಸಾವಿರ ಸರ್ವಾಂಗಹೋಮ ಅರ್ಪಿಸಿದ. ಆ ರಾತ್ರಿ ಕರ್ತನು ಕನಸಿನಲ್ಲಿ ಕಾಣಿಸ್ಕೊಂಡು, ನಿನಗೇನು ಬೇಕೋ ಕೇಳು ಅಂದರು. ಯೋಚನೆ ಮಾಡಿ, ಯಾವ ಲಿಮಿಟ್ಟೂ ಇಲ್ಲ! ಸೊಲೊಮೋನ ತನ್ನನ್ನ ಚಿಕ್ಕ ಹುಡುಗ ಅಂತ ಕರ್ಕೊಂಡ. ಹೋಗೋದು ಬರೋದು ಹೇಗಂತಾನೂ ತಿಳಿಯದವನು ಅಂತ ಒಪ್ಪಿಕೊಂಡ. ಆಮೇಲೆ ಜನರಿಗೆ ನ್ಯಾಯ ತೀರಿಸೋದಕ್ಕೆ, ಒಳ್ಳೇದು ಕೆಟ್ಟದ್ದರ ವ್ಯತ್ಯಾಸ ತಿಳಿಯೋದಕ್ಕೆ ಒಂದು ಹೃದಯ ಬೇಕು ಅಂತ ಕೇಳಿದ.

ನಮ್ಮ ಅನುವಾದಗಳಲ್ಲಿ ಇದು ವಿವೇಕದ ಹೃದಯ ಅಂತ ಬರುತ್ತೆ. ಹೀಬ್ರೂ ಮೂಲದಲ್ಲಿ ಇರೋ ಪದ ಲೇವ್ ಶೋಮೇಆ. ಅಕ್ಷರಶಃ ಹೇಳಿದ್ರೆ ಕೇಳುವ ಹೃದಯ. ಆ ಭಾಷೆಯಲ್ಲಿ ಕೇಳೋದು ಅನ್ನೋದಕ್ಕೂ ವಿಧೇಯನಾಗೋದು ಅನ್ನೋದಕ್ಕೂ ಒಂದೇ ಕ್ರಿಯಾಪದ. ಕನ್ನಡದಲ್ಲೂ ಹಾಗೇ ಅಲ್ವಾ? ನಮ್ಮ ಅಮ್ಮಂದಿರು, ಈ ಹುಡುಗ ನನ್ನ ಮಾತೇ ಕೇಳಲ್ಲ ಅಂದಾಗ ಅವನ ಕಿವಿ ಕೆಟ್ಟಿದೆ ಅಂತ ಅರ್ಥವಲ್ಲ!

ಹಾಗಾದ್ರೆ ಸೊಲೊಮೋನ ಕೇಳಿದ್ದು ದೊಡ್ಡ ಬುದ್ಧಿಶಕ್ತಿಯನ್ನಲ್ಲ. ಕಿವಿಯನ್ನ. ದೇವರಿಗೂ ವಿಧೇಯವಾಗೋ, ಜನರಿಗೂ ಕಿವಿಗೊಡೋ ಒಂದು ಹೃದಯವನ್ನ. ಕರ್ತನಿಗೆ ಅದು ಮೆಚ್ಚಿಕೆಯಾಯ್ತು. ಅವನು ಕೇಳದೇ ಇದ್ದ ಐಶ್ವರ್ಯ, ಘನತೆಯನ್ನೂ ಸೇರಿಸಿ ಕೊಟ್ಟರು. ದೀರ್ಘಾಯುಷ್ಯಕ್ಕೆ ಮಾತ್ರ ಒಂದು ಷರತ್ತು ಇಟ್ಟರು: ದಾವೀದನ ಹಾಗೆ ನನ್ನ ಮಾರ್ಗದಲ್ಲಿ ನಡೆದರೆ ಅಂತ.

ಇದರ ನಂತರಾನೇ ಆ ಎರಡು ತಾಯಂದಿರು ಬರ್ತಾರೆ. ಸಂಡೇ ಸ್ಕೂಲ್‌ನಲ್ಲಿ ನಮಗೆ ಹೇಳದೇ ಇದ್ದ ಒಂದು ವಿಷಯ ಏನಂದ್ರೆ, ಅವರಿಬ್ಬರೂ ವೇಶ್ಯೆಯರು. ಒಂದೇ ಮನೆಯಲ್ಲಿ ಇದ್ರು. ಅವರ ಪರವಾಗಿ ಮಾತಾಡೋ ಗಂಡ ಇಲ್ಲ, ಸಾಕ್ಷಿ ಇಲ್ಲ, ಬೇರೆ ಯಾರೂ ಮನೆಯಲ್ಲಿ ಇರಲಿಲ್ಲ. ಆ ಕಾಲದ ಸಮಾಜದಲ್ಲಿ ಅವರಿಗಿಂತ ಕೆಳಗೆ ಯಾರೂ ಇಲ್ಲ. ಆದ್ರೂ ಅವರು ನೇರವಾಗಿ ಅರಸನ ಮುಂದೆ ಬಂದು ನಿಂತಿದ್ದಾರೆ. ಅರಸ ಇಬ್ಬರ ಮಾತನ್ನೂ ಪೂರ್ತಿ ಕೇಳಿದ. ತೀರ್ಪು ಕೊಡೋ ಮುಂಚೆ ಇಬ್ಬರೂ ಹೇಳಿದ್ದನ್ನ ತಾನೇ ಇನ್ನೊಂದು ಸಲ ಹೇಳಿ ಸ್ಪಷ್ಟ ಮಾಡ್ಕೊಂಡ. ಆಮೇಲೆ ಕತ್ತಿ ತರಿಸಿದ. ಕತ್ತಿ ಮಗುವಿಗಲ್ಲ, ನಿಜವಾದ ತಾಯಿಯ ಕರುಳು ಮಾತಾಡಲಿ ಅಂತ.

ನನಗೆ ಇಲ್ಲಿ ದೊಡ್ಡ ಅದ್ಭುತವಾಗಿ ಕಾಣೋದು ಆ ಉಪಾಯ ಅಲ್ಲ. ಆ ಹೆಂಗಸರು ಅರಸನವರೆಗೂ ಬರೋದಕ್ಕೆ ಸಾಧ್ಯವಾಯ್ತಲ್ಲ, ಅದು. ಬಾಗಿಲು ತೆರೆದಿತ್ತು. ಇಸ್ರಾಯೇಲ್ಯರೆಲ್ಲ ಆ ತೀರ್ಪು ಕೇಳಿ, ಇವನಲ್ಲಿ ದೇವರ ಜ್ಞಾನ ಇದೆ ಅಂತ ಭಯಭಕ್ತಿಯಿಂದ ಗುರುತಿಸಿದ್ರು. ಆಮೆನ್?

3. ಕಟ್ಟಡ ಏರಿತು, ಹೊರೆಯೂ ಏರಿತು

ಮುಂದಿನ ವರ್ಷಗಳು ಮಹಿಮೆಯ ವರ್ಷಗಳು. ಸೊಲೊಮೋನ ದೇಶವನ್ನ 12 ಪ್ರಾಂತ್ಯಗಳಾಗಿ ಮಾಡಿ ಒಬ್ಬೊಬ್ಬ ಅಧಿಕಾರಿ ಇಟ್ಟ. ಗಿಡಮರ, ಪ್ರಾಣಿ, ಪಕ್ಷಿ, ಮೀನಿನ ಬಗ್ಗೆ ಮಾತಾಡ್ತಿದ್ದ. ಅವನು ಹೇಳಿದ ಜ್ಞಾನೋಕ್ತಿಗಳು 3,000, ಹಾಡುಗಳು 1,005 ಅಂತ ವಾಕ್ಯ ಲೆಕ್ಕ ಕೊಡುತ್ತೆ. ಆಳ್ವಿಕೆಯ 4ನೇ ವರ್ಷ, ಐಗುಪ್ತದಿಂದ ಬಿಡುಗಡೆಯಾಗಿ 480ನೇ ವರ್ಷದಲ್ಲಿ, ದೇವಾಲಯದ ಕೆಲಸ ಶುರು ಮಾಡಿದ. ಉದ್ದ 60 ಮೊಳ, ಅಗಲ 20, ಎತ್ತರ 30. ಕಲ್ಲುಗಳನ್ನ ಗಣಿಯಲ್ಲೇ ಕೆತ್ತಿ ತಂದಿದ್ರಿಂದ ಆಲಯದ ಜಾಗದಲ್ಲಿ ಸುತ್ತಿಗೆಯ ಸಪ್ಪಳಾನೇ ಕೇಳಿಸಲಿಲ್ಲ. 7 ವರ್ಷದಲ್ಲಿ ಮುಗೀತು. ಮಂಜೂಷ ಒಳಗೆ ಬಂದಾಗ ಮೇಘ ತುಂಬಿ ಯಾಜಕರು ನಿಂತು ಸೇವೆ ಮಾಡೋದಕ್ಕೆ ಆಗಲಿಲ್ಲ. ಹಲ್ಲೆಲೂಯಾ! ಅರಸ ಎಲ್ಲರ ಮುಂದೆ ಮೊಣಕಾಲೂರಿ ಪ್ರಾರ್ಥಿಸಿದ. ದೂರದೇಶದಿಂದ ಬರೋ ಪರದೇಶಿಯ ಪ್ರಾರ್ಥನೆಯನ್ನೂ ಕೇಳಿರಿ ಅಂತ ದೇವರನ್ನ ಬೇಡಿಕೊಂಡ. ಆ ಪ್ರಾರ್ಥನೆಯಲ್ಲಿ ಮತ್ತೆ ಮತ್ತೆ ಬರೋದು ಅದೇ ಬೇಡಿಕೆ: ಕೇಳಿ, ಪರಲೋಕದಿಂದ ಕೇಳಿ.

ಇದೆಲ್ಲ ನಿಜ. ಇದು ದೇವರ ಕೆಲಸ. ಆದ್ರೆ ಅದೇ ಪುಟಗಳಲ್ಲಿ ಬೇರೆ ಕೆಲವು ಲೆಕ್ಕಗಳೂ ಇದಾವೆ. ನಾವು ಆರಾಧನೆ ಹಾಡು ಹಾಡ್ತಾ ಅವುಗಳನ್ನ ದಾಟಿ ಹೋಗ್ತೀವಿ.

ಸೊಲೊಮೋನ ಇಸ್ರಾಯೇಲ್ಯರಲ್ಲಿ 30,000 ಗಂಡಸರನ್ನ ಬಿಟ್ಟಿಕೆಲಸಕ್ಕೆ ಹಿಡಿದ. ತಿಂಗಳಿಗೆ 10,000 ಜನರಂತೆ ಲೆಬನೋನಿಗೆ ಮರ ಕಡಿಯೋದಕ್ಕೆ ಕಳಿಸ್ತಿದ್ದ. ಒಂದು ತಿಂಗಳು ಅಲ್ಲಿ, ಎರಡು ತಿಂಗಳು ಮನೆಯಲ್ಲಿ. ಲೆಕ್ಕ ಹಾಕಿ, ವರ್ಷಕ್ಕೆ 4 ತಿಂಗಳು. ಒಬ್ಬ ರೈತ ವರ್ಷದಲ್ಲಿ 4 ತಿಂಗಳು ಹೊಲ ಬಿಟ್ಟು ಹೋದ್ರೆ ಆ ಮನೆ ಏನಾಗುತ್ತೆ? ಬಿತ್ತನೆ ಯಾರು ಮಾಡ್ತಾರೆ, ಕೊಯ್ಲು ಯಾರು ಮಾಡ್ತಾರೆ? ಇದಲ್ಲದೆ ಹೊರೆ ಹೊರೋರು 70,000, ಬೆಟ್ಟದಲ್ಲಿ ಕಲ್ಲು ಕೆತ್ತೋರು 80,000. ಬಿಟ್ಟಿಕೆಲಸದ ಮೇಲೆ ಅದೋನೀರಾಮ ಅನ್ನೋ ಒಬ್ಬ ಅಧಿಕಾರಿ ಇದ್ದ. ಈ ಹೆಸರನ್ನೂ ನೆನಪಿಟ್ಕೊಳ್ಳಿ.

ದೇವಾಲಯಕ್ಕೆ 7 ವರ್ಷ. ಆಮೇಲೆ ತನ್ನ ಅರಮನೆಗೆ 13 ವರ್ಷ. ಒಟ್ಟು 20 ವರ್ಷ. 40 ವರ್ಷದ ಆಳ್ವಿಕೆಯಲ್ಲಿ ಅರ್ಧ ಭಾಗ ಕಟ್ಟೋದರಲ್ಲೇ ಹೋಯ್ತು. ಅರಮನೆಯ ಒಂದು ದಿನದ ಅಡುಗೆಗೆ ಕೊಬ್ಬಿದ ಎತ್ತು 10, ಹುಲ್ಲುಗಾವಲಿನ ಎತ್ತು 20, ಕುರಿ 100 ಬೇಕಿತ್ತು. ಒಂದೊಂದು ಪ್ರಾಂತ್ಯ ವರ್ಷದಲ್ಲಿ ಒಂದು ತಿಂಗಳು ಇದನ್ನ ಒದಗಿಸಬೇಕಿತ್ತು. ಮರ, ಚಿನ್ನ ಕೊಟ್ಟ ತೂರಿನ ಅರಸ ಹೀರಾಮನಿಗೆ ಗಲಿಲಾಯದ 20 ಊರುಗಳನ್ನೇ ಕೊಟ್ಟುಬಿಟ್ಟ. ಹೀರಾಮನಿಗೆ ಅವು ಇಷ್ಟವಾಗಲಿಲ್ಲ ಅಂತ ವಾಕ್ಯ ಹೇಳುತ್ತೆ. ಆದ್ರೆ ಆ ಊರುಗಳ ಜನರಿಗೆ ಇಷ್ಟವಿತ್ತಾ ಅಂತ ಯಾರಾದ್ರೂ ಕೇಳಿದ್ರಾ?

ನೋಡಿ, ಇಸ್ರಾಯೇಲ್ಯರು ಮೊದಲ ಸಲ ಅರಸ ಬೇಕು ಅಂತ ಕೇಳಿದಾಗ ಸಮುವೇಲ ಎಚ್ಚರಿಸಿದ್ದ. ಅರಸ ನಿಮ್ಮ ಮಕ್ಕಳನ್ನ ತಗೊಳ್ತಾನೆ, ಹೊಲ ತಗೊಳ್ತಾನೆ, ಕೊನೆಗೆ ನೀವೇ ಅವನಿಗೆ ದಾಸರಾಗ್ತೀರ ಅಂತ. ಅದು ಒಬ್ಬ ದುಷ್ಟ ಅರಸನ ಕಾಲದಲ್ಲಿ ನೆರವೇರಿದ್ರೆ ನಮಗೆ ಆಶ್ಚರ್ಯ ಆಗ್ತಿರಲಿಲ್ಲ. ಅದು ನೆರವೇರೋದಕ್ಕೆ ಶುರುವಾದದ್ದು ಲೋಕದಲ್ಲೇ ಅತ್ಯಂತ ಜ್ಞಾನಿಯಾದ ಅರಸನ ಕಾಲದಲ್ಲಿ. ಅದೂ ದೇವರ ಆಲಯ ಕಟ್ಟೋ ಹೆಸರಿನಲ್ಲಿ.

ಪ್ರಿಯರೇ, ಇದು ನಮಗೆ ಹೇಳಿರೋ ಮಾತು. ದೇವರ ಕೆಲಸ ದೊಡ್ಡದು ಅನ್ನೋ ಕಾರಣಕ್ಕೆ ದೇವರ ಜನರನ್ನ ಹಿಂಡೋ ಹಕ್ಕು ಯಾವ ನಾಯಕನಿಗೂ ಸಿಗೋದಿಲ್ಲ. ರಾತ್ರಿ ಶಿಫ್ಟ್ ಮುಗಿಸಿ ಬಂದ ಹುಡುಗನನ್ನ ಬೆಳಿಗ್ಗೆ 6ಕ್ಕೆ ಸೌಂಡ್ ಸೆಟಪ್ಪಿಗೆ ಕರೆದು, ಬರಲ್ಲ ಅಂದ್ರೆ ನಿನ್ನ ಸಮರ್ಪಣೆ ಸಾಲದು ಅನ್ನೋದು ಆತ್ಮಿಕತೆ ಅಲ್ಲ. ಆಲಯದ ಜಾಗದಲ್ಲಿ ಸುತ್ತಿಗೆ ಸಪ್ಪಳ ಇರಲಿಲ್ಲ, ನಿಜ. ಆದ್ರೆ ಗಣಿಯಲ್ಲಿ ಇತ್ತು. ವೇದಿಕೆ ಮೇಲೆ ಎಲ್ಲ ಸುಂದರವಾಗಿ, ಶಾಂತವಾಗಿ ಕಾಣುವಾಗ, ಹಿಂದೆ ಯಾರು ಕಲ್ಲು ಹೊಡೀತಿದ್ದಾರೆ, ಅವರ ಕೈ ಹೇಗಿದೆ ಅಂತ ನೋಡೋದು ನಾಯಕನ ಕೆಲಸ.

4. ಕಿವಿ ಮುಚ್ಚಿದ ಜ್ಞಾನಿ

ಧರ್ಮೋಪದೇಶಕಾಂಡ 17ನೇ ಅಧ್ಯಾಯದಲ್ಲಿ ಅರಸನಿಗೆ ದೇವರು ಮೂರು ಬೇಲಿ ಹಾಕಿದ್ದಾರೆ. ಕುದುರೆಗಳನ್ನ ಹೆಚ್ಚಿಸ್ಕೋಬಾರದು, ಅದಕ್ಕಾಗಿ ಜನರನ್ನ ಐಗುಪ್ತಕ್ಕೆ ಕಳಿಸಬಾರದು. ಹೆಂಡತಿಯರನ್ನ ಹೆಚ್ಚಿಸ್ಕೋಬಾರದು. ಬೆಳ್ಳಿ ಬಂಗಾರ ಹೆಚ್ಚಿಸ್ಕೋಬಾರದು. ಜೊತೆಗೆ ಒಂದು ಕೆಲಸ ಕೊಟ್ಟಿದ್ದಾರೆ. ಧರ್ಮಶಾಸ್ತ್ರದ ಪ್ರತಿಯನ್ನ ಬರ್ಕೊಂಡು ಜೀವನ ಪೂರ್ತಿ ಓದಬೇಕು. ಯಾಕೆ? ಸಹೋದರರಿಗಿಂತ ನಾನು ಮೇಲು ಅನ್ನೋ ಗರ್ವ ಹೃದಯಕ್ಕೆ ಬರದೇ ಇರಲಿ ಅಂತ.

ಈಗ 1 ಅರಸುಗಳು 10 ಮತ್ತು 11 ಓದಿ. ಒಂದು ವರ್ಷಕ್ಕೆ ಬಂದ ಬಂಗಾರ 666 ತಲಾಂತು. ದಂತದ ಸಿಂಹಾಸನ, ಅದಕ್ಕೆ 6 ಮೆಟ್ಟಿಲು, ಮೆಟ್ಟಿಲುಗಳ ಮೇಲೆ 12 ಸಿಂಹ. ಬಂಗಾರದ ದೊಡ್ಡ ಗುರಾಣಿ 200, ಚಿಕ್ಕ ಗುರಾಣಿ 300. ರಥ 1,400, ಸವಾರರು 12,000. ಕುದುರೆ ಎಲ್ಲಿಂದ? ಐಗುಪ್ತದಿಂದಾನೇ. ಒಂದು ಕುದುರೆಗೆ 150 ಬೆಳ್ಳಿ ಶೆಕೆಲ್, ಒಂದು ರಥಕ್ಕೆ 600. ಹೆಂಡತಿಯರು 700, ಉಪಪತ್ನಿಯರು 300. ಮೂರು ಬೇಲಿಯೂ ಮುರಿದುಹೋಯ್ತು.

ಇದು ಒಂದೇ ದಿನ ಆಗಲಿಲ್ಲ. ಫರೋಹನ ಮಗಳ ಜೊತೆ ಮದುವೆ 3ನೇ ಅಧ್ಯಾಯದ ಮೊದಲ ವಚನದಲ್ಲೇ ಇದೆ. ಗಿಬ್ಯೋನಿನ ಕನಸಿಗಿಂತ ಮುಂಚೆ ಬರೆದಿದೆ. ಆ ಕಾಲದಲ್ಲಿ ಅಂಥ ಮದುವೆ ಅಂದ್ರೆ ರಾಜತಂತ್ರ, ಗಡಿಗೆ ಭದ್ರತೆ. ಪ್ರತಿಯೊಂದಕ್ಕೂ ಒಂದು ಒಳ್ಳೆ ಕಾರಣ ಇದ್ದೇ ಇರುತ್ತೆ. ಜ್ಞಾನಿಗಳಿಗೆ ಕಾರಣ ಹುಡುಕೋದು ಇನ್ನೂ ಸುಲಭ! ದಡ್ಡ ಪಾಪ ಮಾಡಿ ಸಿಕ್ಕಿಹಾಕ್ಕೊಳ್ತಾನೆ. ಬುದ್ಧಿವಂತ ತನ್ನ ಪಾಪಕ್ಕೆ ಒಂದು ಪ್ರೆಸೆಂಟೇಶನ್ ಮಾಡಿಬಿಡ್ತಾನೆ.

ಕೊನೆಗೆ ಮುಪ್ಪಿನಲ್ಲಿ ಅವನ ಹೃದಯ ತಿರುಗಿತು. ಚೀದೋನ್ಯರ ಅಷ್ಟೋರೆತ್, ಅಮ್ಮೋನಿಯರ ಮೋಲೆಕ್, ಮೋವಾಬ್ಯರ ಕೆಮೋಷ್ ದೇವತೆಗಳಿಗೆ ಸೊಲೊಮೋನ ಯೆರೂಸಲೇಮಿನ ಪೂರ್ವದ ಬೆಟ್ಟದ ಮೇಲೆ ಪೂಜಾಸ್ಥಳ ಕಟ್ಟಿಸಿದ. ಮೇಘ ಇಳಿದುಬಂದ ಆಲಯದ ಎದುರುಗಡೆ! ಆ ಸ್ಥಳಗಳನ್ನ ಕೆಡವಿದ್ದು ಯಾರು ಗೊತ್ತಾ? ಯೋಷೀಯ. ಸುಮಾರು 300 ವರ್ಷ ಆದ ಮೇಲೆ. ಒಬ್ಬ ನಾಯಕನ ಒಂದು ಹೊಂದಾಣಿಕೆ 300 ವರ್ಷ ನಿಂತಿತ್ತು.

ಕರ್ತನು ಕೋಪಗೊಂಡರು. ಎರಡು ಸಾರಿ ಅವನಿಗೆ ಕಾಣಿಸಿಕೊಂಡಿದ್ದರೂ ಅವನು ತಿರುಗಿಬಿಟ್ಟ ಅಂತ ವಾಕ್ಯ ಒತ್ತಿ ಹೇಳುತ್ತೆ. ದರ್ಶನ ಆಗಿದೆ, ವರ ಇದೆ, ಸಾಕ್ಷಿ ಇದೆ. ಅದ್ಯಾವುದೂ ಇವತ್ತಿನ ವಿಧೇಯತೆಗೆ ಬದಲಿ ಅಲ್ಲ. ವರ ನೋಡಿ ನಾಯಕನನ್ನ ಅಳೀಬೇಡಿ. ಸೊಲೊಮೋನನ ವರ ಕೊನೆ ತನಕ ಹೊಳೀತಾನೇ ಇತ್ತು. ಲೋಕದ ಎಲ್ಲ ಕಡೆಯಿಂದ ಜನ ಅವನ ಜ್ಞಾನ ಕೇಳೋದಕ್ಕೆ ಬರ್ತಾನೇ ಇದ್ರು. ಶೆಬದ ರಾಣಿ 120 ತಲಾಂತು ಬಂಗಾರ ತಂದು ಕೊಟ್ಟು ಹೊಗಳಿ ಹೋದಳು. ಎಲ್ಲರೂ ಅವನನ್ನ ಕೇಳ್ತಿದ್ರು. ಅವನು ಯಾರನ್ನ ಕೇಳ್ತಿದ್ದ?

ಈಗ ನಾತಾನನ ವಿಷಯಕ್ಕೆ ಬನ್ನಿ. ದಾವೀದನ ಅರಮನೆಯಲ್ಲಿ ಬಾಗಿಲು ತೆರ್ಕೊಂಡು ಒಳಗೆ ಬಂದು ತಪ್ಪು ಅಂತ ಹೇಳೋ ಒಬ್ಬ ಪ್ರವಾದಿ ಇದ್ದ. ಸೊಲೊಮೋನನ ಕಥೆಯಲ್ಲಿ ಅಭಿಷೇಕದ ದಿನ ಆದ ಮೇಲೆ ಅಂಥ ಒಬ್ಬ ಪ್ರವಾದಿ ಅವನ ಎದುರು ಬಂದು ನಿಲ್ಲೋ ದೃಶ್ಯ 1 ಅರಸುಗಳಲ್ಲಿ ಒಂದೂ ಇಲ್ಲ. ಅಹೀಯ ಅನ್ನೋ ಪ್ರವಾದಿ ಮಾತಾಡ್ತಾನೆ. ಆದ್ರೆ ಅರಮನೆಯಲ್ಲಿ ಅಲ್ಲ, ಊರ ಹೊರಗೆ ದಾರಿಯಲ್ಲಿ. ಅರಸನ ಹತ್ತಿರ ಅಲ್ಲ, ಯಾರೊಬ್ಬಾಮನ ಹತ್ತಿರ.

ಈ ಯಾರೊಬ್ಬಾಮ ಯಾರು? ಚೆನ್ನಾಗಿ ಕೆಲಸ ಮಾಡೋ ಯುವಕ ಅಂತ ಸೊಲೊಮೋನನೇ ಗುರುತಿಸಿ, ಯೋಸೇಫನ ಮನೆತನದವರ ಬಿಟ್ಟಿಕೆಲಸದ ಮೇಲೆ ನೇಮಿಸಿದ್ದವನು. ಜನರ ಹೊರೆಯನ್ನ ಹತ್ತಿರದಿಂದ ನೋಡಿದವನು. ಅಹೀಯ ತಾನು ಹೊದ್ದಿದ್ದ ಹೊಸ ಬಟ್ಟೆಯನ್ನ 12 ತುಂಡು ಮಾಡಿ 10 ತುಂಡು ಇವನ ಕೈಗೆ ಕೊಟ್ಟ. ಸೊಲೊಮೋನ ಏನು ಮಾಡಿದ? ಯಾರೊಬ್ಬಾಮನನ್ನ ಕೊಲ್ಲೋದಕ್ಕೆ ನೋಡಿದ. ಅವನು ಐಗುಪ್ತದ ಅರಸ ಶೀಶಕನ ಹತ್ತಿರ ಓಡಿಹೋದ.

ಇಲ್ಲಿ ನನ್ನ ಹೃದಯ ಒಡೆಯುತ್ತೆ, ಪ್ರಿಯರೇ. ದೇವರು ಆರಿಸಿದ ಯುವಕನನ್ನ ಹೊಟ್ಟೆಕಿಚ್ಚಿನಿಂದ ಬೇಟೆಯಾಡಿದ ಅರಸ ಯಾರು? ಸೌಲ. ಬೇಟೆಗೆ ಸಿಕ್ಕಿ ಗುಹೆಗಳಲ್ಲಿ ಅಡಗಿದ್ದವನು ಯಾರು? ದಾವೀದ. ದಾವೀದನ ಮಗ ಕೊನೆಗೆ ಸೌಲನ ಈಟಿಯನ್ನ ಕೈಗೆ ತಗೊಂಡ.

5. ಬಂಗಾರದ ಗುರಾಣಿ, ಕಂಚಿನ ಗುರಾಣಿ

40 ವರ್ಷ ಆಳಿ ಸೊಲೊಮೋನ ಸತ್ತ. ಸುಮಾರು ಕ್ರಿ.ಪೂ. 930. ಅವನ ಪಶ್ಚಾತ್ತಾಪದ ಬಗ್ಗೆ 1 ಅರಸುಗಳು ಒಂದು ಸಾಲೂ ಬರೆದಿಲ್ಲ. ಮಗ ರೆಹಬ್ಬಾಮ ಪಟ್ಟಕ್ಕೆ ಬಂದಾಗ ವಯಸ್ಸು 41. ಜನ ಶೆಕೆಮಿನಲ್ಲಿ ಸೇರಿ ಒಂದೇ ಒಂದು ಬೇಡಿಕೆ ಇಟ್ರು. ನಿಮ್ಮ ತಂದೆ ಹೇರಿದ ನೊಗ ಭಾರ, ಸ್ವಲ್ಪ ಹಗುರ ಮಾಡಿ, ನಿಮ್ಮನ್ನ ಸೇವಿಸ್ತೀವಿ ಅಂತ. ದಂಗೆ ಏಳೋದಕ್ಕೆ ಬಂದಿರಲಿಲ್ಲ, ಬೇಡ್ಕೊಳ್ಳೋದಕ್ಕೆ ಬಂದಿದ್ರು.

ರೆಹಬ್ಬಾಮ 3 ದಿನ ಟೈಮ್ ಕೇಳಿದ. ಸೊಲೊಮೋನನ ಮುಂದೆ ನಿಂತು ಸೇವೆ ಮಾಡಿದ್ದ ಹಿರಿಯರನ್ನ ಕೇಳಿದ. ಅವರು, ಇವತ್ತು ನೀನು ಈ ಜನರಿಗೆ ಸೇವಕನಾದ್ರೆ ಅವರು ಯಾವಾಗಲೂ ನಿನಗೆ ಸೇವಕರಾಗಿರ್ತಾರೆ ಅಂತ ಬುದ್ಧಿ ಹೇಳಿದ್ರು. ಎಂಥ ಒಳ್ಳೆ ಮಾತು! ಆದ್ರೆ ಆ ಹಿರಿಯರ ಈ ಮಾತು ಸೊಲೊಮೋನನ 40 ವರ್ಷದಲ್ಲಿ ಎಲ್ಲಿತ್ತು? ಹೇಳೋರು ಇದ್ದರು. ಹೇಳೋದಕ್ಕೆ ಜಾಗ ಇತ್ತಾ?

ರೆಹಬ್ಬಾಮ ತನ್ನ ಜೊತೆ ಬೆಳೆದವರ ಮಾತು ಕೇಳಿದ. ಮೂಲದಲ್ಲಿ ಅವರನ್ನ ಹುಡುಗರು ಅಂತ ಕರೆದಿದೆ. ಅರಸನಿಗೇ 41 ಆದ್ರೆ ಅವರಿಗೂ ಹತ್ತಿರ ಹತ್ತಿರ 40! ಯೌವನಸ್ಥರೇ, ಇದು ವಯಸ್ಸಿನ ಮೇಲಿನ ಟೀಕೆ ಅಲ್ಲ. ಗಿಬ್ಯೋನಿನಲ್ಲಿ ತಾನು ಚಿಕ್ಕ ಹುಡುಗ ಅಂತ ಒಪ್ಪಿಕೊಂಡವನು ಜ್ಞಾನಿಯಾದ. 41 ವರ್ಷದ ಗಂಡಸು ಯಾರ ನೋವನ್ನೂ ಕೇಳಿಸಿಕೊಳ್ಳದೆ ಹುಡುಗನಾಗಿಬಿಟ್ಟ. ನೊಗ ಇನ್ನೂ ಭಾರ ಮಾಡ್ತೀನಿ ಅಂತ ಜನರಿಗೆ ಒರಟಾಗಿ ಉತ್ತರ ಕೊಟ್ಟ. 10 ಕುಲದವರು ಎದ್ದು ಹೋದ್ರು. ಅವರನ್ನ ಸರಿಮಾಡೋದಕ್ಕೆ ರೆಹಬ್ಬಾಮ ಯಾರನ್ನ ಕಳಿಸಿದ? ಬಿಟ್ಟಿಕೆಲಸದ ಆ ಅಧಿಕಾರಿಯನ್ನೇ. ಜನ ಅವನನ್ನ ಕಲ್ಲೆಸೆದು ಕೊಂದ್ರು. ಅರಸ ರಥ ಹತ್ತಿ ಯೆರೂಸಲೇಮಿಗೆ ಓಡಿದ. ಆ ರಾಜ್ಯ ಮತ್ತೆ ಒಂದಾಗಲಿಲ್ಲ.

ಲೆಕ್ಕ ನೋಡಿ. ಆಳ್ವಿಕೆಯ ಆರಂಭದಲ್ಲಿ ಇಬ್ಬರು ವೇಶ್ಯೆಯರ ಮಾತು ಸಿಂಹಾಸನದವರೆಗೂ ತಲುಪಿತು. ಆ ಮನೆತನದ ಮುಂದಿನ ತಲೆಮಾರಿನಲ್ಲಿ 10 ಕುಲಗಳು ಒಟ್ಟಿಗೆ ಅತ್ತರೂ ತಲುಪಲಿಲ್ಲ.

5ನೇ ವರ್ಷದಲ್ಲಿ ಶೀಶಕ ದಂಡೆತ್ತಿ ಬಂದ. ಈ ಶೀಶಕನ ದಂಡಯಾತ್ರೆಯ ಕೆತ್ತನೆ ಇವತ್ತಿಗೂ ಐಗುಪ್ತದ ಕಾರ್ನಾಕ್ ದೇವಸ್ಥಾನದ ಗೋಡೆ ಮೇಲೆ ಇದೆ. ಸೊಲೊಮೋನ ಮಾಡಿಸಿದ ಬಂಗಾರದ ಗುರಾಣಿಗಳನ್ನೆಲ್ಲ ಅವನು ದೋಚಿಕೊಂಡು ಹೋದ. ರೆಹಬ್ಬಾಮ ಅವುಗಳ ಬದಲು ಕಂಚಿನ ಗುರಾಣಿ ಮಾಡಿಸಿದ. ಅರಸ ಆಲಯಕ್ಕೆ ಹೋಗುವಾಗೆಲ್ಲ ಕಾವಲಿನವರು ಅವನ್ನೇ ಹಿಡ್ಕೊಂಡು ಸಾಲಾಗಿ ನಡೀತಿದ್ರು, ಆಮೇಲೆ ಕಾವಲುಕೋಣೆಯಲ್ಲಿ ಇಡ್ತಿದ್ರು. ಮೆರವಣಿಗೆ ಅದೇ, ಆಲಯ ಅದೇ, ದೂರದಿಂದ ಹೊಳಪೂ ಅದೇ. ಒಳಗಿನ ಲೋಹ ಮಾತ್ರ ಬದಲಾಗಿತ್ತು. ಒಂದು ಸಭೆಯಲ್ಲಿ ಹಾಡು, ಲೈಟು, ಕಾರ್ಯಕ್ರಮ ಎಲ್ಲ ಹಾಗೇ ನಡೀತಾ ಇರಬಹುದು. ಬಂಗಾರ ಯಾವತ್ತೋ ಹೋಗಿರಬಹುದು.

6. ನಾವೇನು ಮಾಡಬೇಕು?

ನಾಯಕತ್ವದಲ್ಲಿ ಇರೋರೇ, ಈ ಮೂರು ಪ್ರಶ್ನೆ ಬರ್ಕೊಳ್ಳಿ.

ಒಂದು. ನನ್ನ ಟೀಮ್‌ನಲ್ಲಿ ಎಲ್ಲರಿಗಿಂತ ಕೆಳಗಿರೋ ವ್ಯಕ್ತಿ ನನ್ನ ಹತ್ತಿರ ಭಯ ಇಲ್ಲದೆ ಬಂದು ಮಾತಾಡಬಹುದಾ? ಹೊಸದಾಗಿ ಸೇರಿದ ಟ್ರೇನಿ, ಚೇರು ಜೋಡಿಸೋ ತಮ್ಮ, ಅಡುಗೆಮನೆಯಲ್ಲಿ ಇರೋ ಅಕ್ಕ.

ಎರಡು. ನನ್ನ ದರ್ಶನದ ಬೆಲೆಯನ್ನ ಯಾರು ಕಟ್ತಿದ್ದಾರೆ? ನಾನಾ, ಅವರಾ?

ಮೂರು. ನನಗೆ ನಾತಾನ ಯಾರು? ಹೆಸರು ಹೇಳಿ. ನೀನು ಮಾಡಿದ್ದು ತಪ್ಪು ಅಂತ ನನ್ನ ಮುಖಕ್ಕೆ ಹೇಳಿ, ನಾಳೆಯೂ ನನ್ನ ಜೊತೆ ಕೂತು ಊಟ ಮಾಡಬಲ್ಲ ಒಬ್ಬರ ಹೆಸರು. ಹೆಸರು ನೆನಪಿಗೆ ಬರಲಿಲ್ಲ ಅಂದ್ರೆ ಈ ವಾರವೇ ಒಬ್ಬರನ್ನ ಹುಡುಕಿ, ಅವರಿಗೆ ಅನುಮತಿ ಕೊಡಿ. ಮೇಲಿನಿಂದ ಬರೋ ಜ್ಞಾನದ ಗುರುತುಗಳಲ್ಲಿ ಇನ್ನೊಬ್ಬರ ಮಾತಿಗೆ ಒಪ್ಪಿಕೊಳ್ಳೋ ಮನಸ್ಸೂ ಒಂದು ಅಂತ ಯಾಕೋಬ 3ನೇ ಅಧ್ಯಾಯದಲ್ಲಿ ಕಲಿಸ್ತಾನೆ.

ಅಧಿಕಾರದ ಕೆಳಗೆ ಇರೋರೇ, ನಿಮಗೂ ಒಂದು ಮಾತು. ಅಧಿಕಾರ ಅನ್ನೋದೇ ಕೆಟ್ಟದ್ದು ಅಂತ ಹೇಳ್ಕೊಂಡು ಮನೆಗೆ ಹೋಗಬೇಡಿ. ದೇವರು ನಾಯಕರನ್ನ ಕೊಡ್ತಾರೆ, ಅವರಿಗಾಗಿ ಪ್ರಾರ್ಥಿಸಿ, ಗೌರವಿಸಿ. ಆದ್ರೆ ಅಭಿಷಿಕ್ತರನ್ನ ಪ್ರಶ್ನೆ ಮಾಡಬಾರದು ಅಂತ ಹೇಳಿ ನಿಮ್ಮ ಬಾಯಿ ಮುಚ್ಚಿಸೋರು ಇದ್ರೆ, ನಾತಾನ ಪ್ರಶ್ನೆ ಮಾಡಿದ್ದು ಒಬ್ಬ ಅಭಿಷಿಕ್ತನನ್ನೇ ಅನ್ನೋದನ್ನ ನೆನಪಿಡಿ. ಆ ಪ್ರಶ್ನೆ ದಾವೀದನನ್ನ ಉಳಿಸಿತು. ಗೌರವದಿಂದ ಹೇಳೋ ಸತ್ಯ ದಂಗೆ ಅಲ್ಲ. ಅದು ಪ್ರೀತಿ. ಯಾರೊಬ್ಬಾಮನ ಕಥೆಯನ್ನೂ ಪೂರ್ತಿ ಓದಿ. ಭಾರ ಹೊತ್ತ ಜನರ ಪರ ನಿಂತವನೇ ತನ್ನ ಸಿಂಹಾಸನ ಉಳಿಸ್ಕೊಳ್ಳೋದಕ್ಕೆ ಎರಡು ಬಂಗಾರದ ಕರು ಮಾಡಿಸಿದ. ಕೆಟ್ಟ ನಾಯಕನನ್ನ ಬಿಟ್ಟು ಬಂದ ಮಾತ್ರಕ್ಕೆ ನಾವು ಒಳ್ಳೆ ನಾಯಕರಾಗೋದಿಲ್ಲ.

ಕೊನೆಯ ಮಾತು. ಮತ್ತಾಯ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಶೆಬದ ರಾಣಿಯ ವಿಷಯ ಎತ್ತಿ, ಸೊಲೊಮೋನನಿಗಿಂತ ದೊಡ್ಡವನು ಇಲ್ಲಿದ್ದಾನೆ ಅಂತ ತನ್ನನ್ನೇ ಕುರಿತು ಹೇಳ್ತಾರೆ. ಅದಕ್ಕೆ ಸ್ವಲ್ಪ ಮುಂಚೆ, 11ನೇ ಅಧ್ಯಾಯದ ಕೊನೆಯಲ್ಲಿ ಏನಿದೆ? ನೊಗ! ಭಾರ ಹೊತ್ತು ಬಳಲಿದವರನ್ನ ಕರೆದು, ನನ್ನ ನೊಗ ಹಗುರ ಅಂತ ಭರವಸೆ ಕೊಡ್ತಾರೆ. ಶೆಕೆಮಿನಲ್ಲಿ ಜನ ಬೇಡಿದ್ದು ಇದನ್ನೇ ಅಲ್ವಾ? ದಾವೀದನ ಸಿಂಹಾಸನದಿಂದ ಬರಬೇಕಾಗಿದ್ದ ಆ ಉತ್ತರ 900 ವರ್ಷಕ್ಕಿಂತ ಹೆಚ್ಚು ಕಾಲ ಆದ ಮೇಲೆ ದಾವೀದನ ಕುಮಾರನ ಬಾಯಿಂದ ಬಂತು. ಈ ಅರಸ ಜನರನ್ನ ಕಲ್ಲು ಹೊರೋದಕ್ಕೆ ಕಳಿಸಲಿಲ್ಲ, ತಾನೇ ಶಿಲುಬೆ ಹೊತ್ತ. ದಂತದ ಸಿಂಹಾಸನ ಮಾಡಿಸಲಿಲ್ಲ, ಟವೆಲ್ ಕಟ್ಕೊಂಡು ಶಿಷ್ಯರ ಪಾದ ತೊಳೆದ. ದಾರಿ ಬದಿಯ ಕುರುಡ ಕೂಗಿದಾಗ ಎಲ್ಲರೂ ಸುಮ್ಮನಿರು ಅಂತ ಗದರಿಸಿದ್ರು. ಅವರು ನಿಂತರು, ಕೇಳಿದರು. ಇದು ಕೇಳುವ ಹೃದಯ. ಪವಿತ್ರಾತ್ಮನು ನಮ್ಮಲ್ಲಿ ರೂಪಿಸಬೇಕು ಅಂತಿರೋದು ಇದೇ ಹೃದಯವನ್ನ.

ಎಲ್ಲರೂ ಎದ್ದು ನಿಲ್ಲಿ, ಪ್ರಾರ್ಥಿಸೋಣ. ಕರ್ತನೇ, ನಮಗೆ ಕೊಟ್ಟಿರೋ ಚಿಕ್ಕ ಅಧಿಕಾರಕ್ಕಾಗಿ ಸ್ತೋತ್ರ. ಅದಕ್ಕೆ ತಕ್ಕ ಕಿವಿಯನ್ನೂ ಕೊಡಿ. ನಮ್ಮಿಂದ ಯಾರ ಹೆಗಲಾದ್ರೂ ಬಾಗಿದ್ರೆ ಅದನ್ನ ಇವತ್ತೇ ನಮಗೆ ತೋರಿಸಿ, ಇಳಿಸೋ ಧೈರ್ಯ ಕೊಡಿ. ನಾಯಕರ ಕೈಯಲ್ಲಿ ಗಾಯಗೊಂಡು ಇಲ್ಲಿ ಬಂದಿರೋರನ್ನ ನಿಮ್ಮ ಹಗುರವಾದ ನೊಗದ ಹತ್ತಿರ ಕರ್ಕೊಳ್ಳಿ. ಆರಂಭ ಮಾತ್ರ ಅಲ್ಲ, ನಮ್ಮ ಅಂತ್ಯವೂ ನಿಮಗೆ ಮೆಚ್ಚಿಕೆಯಾಗಿರಲಿ. ಯೇಸುವಿನ ನಾಮದಲ್ಲಿ ಬೇಡ್ತೀವಿ ತಂದೆಯೇ, ಆಮೆನ್.